ನಂಬರ್ ಇಲ್ಲದ ಕಲ್ಲು: ಕ್ಷೌರದ ಕತ್ತಿಗೆ ಹಳೆಯ ಮಸೆಗಲ್ಲು ಕೊಳ್ಳುವುದು, ಬಳಸುವುದು

ದೇವರಮನೆಯಲ್ಲಿ ಗಂಧ ತೇಯುವುದನ್ನು ನೀವು ನೋಡಿರುತ್ತೀರಿ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಕೊರಡನ್ನು ಸುತ್ತು ಸುತ್ತಾಗಿ ಆಡಿಸುತ್ತಾರೆ. ಮೊದಲು ಬರೀ ನೀರು. ಆಮೇಲೆ ಹಾಲಿನಂತೆ, ಇನ್ನೂ ತೇಯ್ದರೆ ಬೆಣ್ಣೆಯಂತೆ. ಬೆಲ್ಜಿಯಂನ ಕೊಟಿಕ್ಯೂಲ್ ಕಲ್ಲಿನ ಮೇಲೆ ಕ್ಷೌರದ ಕತ್ತಿ ಮಸೆಯುವ ಕೆಲಸವೂ ಹೀಗೇ ಶುರುವಾಗುತ್ತದೆ. ಕೊರಡಿನ ಬದಲು ಅದೇ ಜಾತಿಯ, ಬೆಂಕಿಪೊಟ್ಟಣದಷ್ಟು ಚಿಕ್ಕ ಕಲ್ಲು. ಅದನ್ನು ಉಜ್ಜಿದರೆ ಕೆನೆ ಬಣ್ಣದ ಹಾಲು ಬಿಡುತ್ತದೆ. ಆ ಹಾಲಿನಲ್ಲಿ ಕತ್ತಿಯನ್ನು ಹತ್ತಿಪ್ಪತ್ತು ಸಲ ಆಡಿಸಿ ನೋಡಿ. ಕೆನೆ ಬಣ್ಣ ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಕತ್ತಿಯಿಂದ ಸವೆದ ಉಕ್ಕು.

ನಾನು ಹೇಳುತ್ತಿರುವುದು ಮಡಚುವ ಹಳೇ ಕ್ಷೌರದ ಕತ್ತಿಯ ವಿಷಯ. ಸಲೂನುಗಳಲ್ಲಿ ಈಗ ಅರ್ಧ ಬ್ಲೇಡ್ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಬಿಸಾಡುವ ಹಿಡಿ ಇದೆ. ಹಾಗಾಗಿ ಮಸೆಯುವ ಮಾತೇ ಇಲ್ಲ. ಮನೆಯಲ್ಲಿ ಅಸಲಿ ಕತ್ತಿ ಇಟ್ಟುಕೊಂಡವರಿಗೆ ಮಾತ್ರ ಕಲ್ಲು ಬೇಕು. ಕಾರ್ಖಾನೆಯ ಕಲ್ಲಿನ ಮೇಲೆ 1000, 3000, 8000 ಅಂತ ನಂಬರ್ ಇರುತ್ತದೆ. ನಂಬರ್ ಜಾಸ್ತಿ ಆದಷ್ಟೂ ಕಣ ನುಣ್ಣಗೆ. ಲೆಕ್ಕ ಸುಲಭ. ಬೆಟ್ಟದಿಂದ ಬಂದ ಕಲ್ಲಿಗೆ ಆ ನಂಬರ್ ಇಲ್ಲ. ಹೊಸಬರು ಮೊದಲು ಕೇಳುವುದು ಅದನ್ನೇ: "ಈ ಕಲ್ಲು ಎಷ್ಟು ಗ್ರಿಟ್?" ಉತ್ತರ ಯಾಕೆ ಇಲ್ಲ ಅನ್ನುವುದು ಅರ್ಥವಾದರೆ ಯಾವ ಕಲ್ಲು ಕೊಳ್ಳಬೇಕು, ಹೇಗೆ ಬಳಸಬೇಕು ಅನ್ನುವುದೂ ಅರ್ಥವಾಗುತ್ತದೆ.

ಸಾಣೆ ಬೇರೆ, ಮಸೆಗಲ್ಲು ಬೇರೆ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವವರು ಹಿಡಿಯುವುದು ಸಾಣೆ. ಅಲ್ಲಿ ಕಿಡಿ ಹಾರುತ್ತದೆ, ಉಕ್ಕು ಬಿಸಿಯಾಗುತ್ತದೆ. ಈಳಿಗೆ ಮಣೆಗೆ, ಕತ್ತರಿಗೆ ಅದು ಸರಿ. ಕ್ಷೌರದ ಕತ್ತಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಅದರ ಅಲಗು ಎಷ್ಟು ತೆಳುವೆಂದರೆ ಒಂದು ಕ್ಷಣದ ಬಿಸಿಗೇ ಹದ ಹೋಗುತ್ತದೆ. ಹದ ಹೋದ ಉಕ್ಕಿಗೆ ಯಾವ ಕಲ್ಲೂ ಬಾಯಿ ಕೂರಿಸಲಾರದು.

ಈ ಕತ್ತಿಯ ರಚನೆಯಲ್ಲೇ ಒಂದು ಜಾಣತನ ಇದೆ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತಾರೆ. ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗುತ್ತವೆ. ಅಲಗು 16 ಮಿಲಿಮೀಟರ್ ಅಗಲ, ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪ ಇದ್ದರೆ ಬಾಯಿಯ ಕೋನ ತಾನಾಗಿ 16 ಡಿಗ್ರಿ ಆಸುಪಾಸು ಬರುತ್ತದೆ. ಅಡುಗೆಮನೆ ಚಾಕುವಿನ ಹಾಗೆ ಕೋನವನ್ನು ಕೈಯಲ್ಲಿ ಅಂದಾಜು ಮಾಡಬೇಕಿಲ್ಲ. ಬೆನ್ನೇ ಅಳತೆಗೋಲು. ಆದರೆ ಒಂದು ಷರತ್ತು ಇದೆ. ಕಲ್ಲು ಚಪ್ಪಟೆ ಇರಬೇಕು. ಕಲ್ಲು ತಗ್ಗಾಗಿದ್ದರೆ ಅಳತೆಗೋಲೇ ಸುಳ್ಳಾಗುತ್ತದೆ, ಅಲ್ವಾ?

ಈಗ ಕೊಟಿಕ್ಯೂಲ್ ಕಲ್ಲಿನೊಳಗೆ ಏನಿದೆ ನೋಡೋಣ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ವಿಯೆಲ್‌ಸಾಲ್ಮ್, ಲಿಯೆರ್ನೊ ಅನ್ನುವ ಊರುಗಳ ಸುತ್ತ ಈ ಕಲ್ಲಿನ ತೆಳು ಪದರಗಳಿವೆ. ಹುಟ್ಟಿದ್ದು ಸುಮಾರು 48 ಕೋಟಿ ವರ್ಷಗಳ ಹಿಂದೆ. ಅಕ್ಕಪಕ್ಕದಲ್ಲೇ ನೇರಳೆ ಮಿಶ್ರಿತ ನೀಲಿ ಕಲ್ಲು, ನಡುವೆ ಹಳದಿ ಕೆನೆ ಬಣ್ಣದ ಪಟ್ಟಿ. ಆ ಹಳದಿ ಪಟ್ಟಿಯೇ ಕೊಟಿಕ್ಯೂಲ್. ಹಲವು ಕಡೆ ಅದು ಕೆಲವೇ ಸೆಂಟಿಮೀಟರ್ ದಪ್ಪ. ಅದಕ್ಕೇ ಹಳಬರು ತೆಳುವಾಗಿ ಸೀಳಿ, ಕೆಳಗೆ ಸ್ಲೇಟಿನ ಹಲಗೆ ಅಂಟಿಸಿ ಮಾರುತ್ತಿದ್ದರು. ಸಾಲ್ಮ್‌ಶಾಟೊ ಊರಿನಲ್ಲಿ ಈ ಕಲ್ಲಿಗೇ ಒಂದು ಮ್ಯೂಸಿಯಂ ಇದೆ. ಹೆಸರು ಬಂದಿದ್ದು ಲ್ಯಾಟಿನ್ನಿನಿಂದ, ಅರ್ಥ "ಚಿಕ್ಕ ಮಸೆಗಲ್ಲು". ಚಿನ್ನ ಉಜ್ಜಿ ನೋಡುವ ನಮ್ಮ ಒರೆಗಲ್ಲಿಗೂ ರೋಮನ್ನರು ಇದೇ ಮಾತು ಬಳಸುತ್ತಿದ್ದರು.

ಈ ಕಲ್ಲಿನ ಮೂರನೇ ಒಂದರಷ್ಟು ಭಾಗ ಗಾರ್ನೆಟ್ ಹರಳು. ನವರತ್ನದ ಗೋಮೇಧಿಕ ಇದೇ ಕುಟುಂಬದ್ದು. ಉಳಿದದ್ದು ಹೆಚ್ಚಾಗಿ ಕಾಗೆಬಂಗಾರ, ಅಂದರೆ ಮೈಕಾ. ಗಾರ್ನೆಟ್ ಉಕ್ಕನ್ನು ಸವೆಸುತ್ತದೆ, ಮೈಕಾ ಅದನ್ನು ಮೆತ್ತಗೆ ಹಿಡಿದಿಟ್ಟುಕೊಂಡಿರುತ್ತದೆ.

ಇಲ್ಲೇ ಸ್ವಾರಸ್ಯ ಇರುವುದು. ಕಾರ್ಖಾನೆಯ 8000 ನಂಬರ್ ಕಲ್ಲಿನ ಕಣ ಒಂದರಿಂದ ಮೂರು ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕೊಟಿಕ್ಯೂಲ್‌ನ ಗಾರ್ನೆಟ್ ಸಾಮಾನ್ಯವಾಗಿ 5ರಿಂದ 15 ಮೈಕ್ರಾನ್. ಲೆಕ್ಕದ ಪ್ರಕಾರ ಇದು ಒರಟು ಕಲ್ಲು. ಆದರೂ ಇದರ ಮೇಲೆ ಮುಗಿಸಿದ ಕತ್ತಿ ಕೆನ್ನೆಯ ಮೇಲೆ ರೇಷ್ಮೆಯ ಹಾಗೆ ಓಡುತ್ತದೆ. ಕಾರಣ ಹರಳಿನ ಆಕಾರ. ಕಾರ್ಖಾನೆಯ ಕಣ ಒಡೆದ ಗಾಜಿನಂತೆ, ಮೂಲೆ ಮೂಲೆಯೂ ಚೂಪು. ಗಾರ್ನೆಟ್ ಹನ್ನೆರಡು ಮುಖದ, ಹೆಚ್ಚುಕಡಿಮೆ ದುಂಡನೆಯ ಹರಳು. ದಾಳಿಂಬೆ ಬಿಡಿಸಿ ಕಾಳಿನ ಆಕಾರ ನೋಡಿ. ಗಾರ್ನೆಟ್ ಅನ್ನುವ ಹೆಸರಿಗೂ ದಾಳಿಂಬೆಗೂ ನಂಟಿದೆ. ಇಂಥ ದುಂಡು ಹರಳು ಮೈಕಾದಲ್ಲಿ ಮುಕ್ಕಾಲು ಹುದುಗಿಕೊಂಡಿದ್ದು, ತುದಿಯನ್ನಷ್ಟೇ ಹೊರಗೆ ತೋರಿಸುತ್ತದೆ. ಅದು ಉಕ್ಕಿನ ಮೇಲೆ ಎಳೆಯುವ ಗೀರು ಅಗಲ ಇರಬಹುದು, ಆಳ ಇರುವುದಿಲ್ಲ. ಬಾಯಿಯ ನಯವನ್ನು ತೀರ್ಮಾನಿಸುವುದು ಗೀರಿನ ಆಳ, ಕಣದ ಗಾತ್ರ ಅಲ್ಲ. ನಂಬರ್ ಕೊಡಲು ಆಗದಿರುವುದು ಅದಕ್ಕೇ.

ಎರಡನೇ ಕಾರಣ ಆ ಕೆನೆ ಹಾಲು. ಚಿಕ್ಕ ಕಲ್ಲಿನಿಂದ ಉಜ್ಜಿದಾಗ ಸಾವಿರಾರು ಹರಳುಗಳು ಮೈಕಾ ಬಿಟ್ಟು ಎದ್ದು ನೀರಿನಲ್ಲಿ ಉರುಳಾಡುತ್ತವೆ. ಆಗ ಕಲ್ಲು ಉಕ್ಕನ್ನು ಬೇಗ ಬೇಗ ತಿನ್ನುತ್ತದೆ. ಆದರೆ ಅದೇ ಹರಳುಗಳು ಮುಂದಕ್ಕೆ ಬರುವ ಬಾಯಿಗೆ ಎದುರಾಗಿ ಬಡಿಯುತ್ತವೆ. ಆದ್ದರಿಂದ ಹಾಲು ಗಟ್ಟಿ ಇರುವಷ್ಟು ಹೊತ್ತು ಬಾಯಿ ಒಂದು ಮಟ್ಟಕ್ಕಿಂತ ಮೇಲೆ ಹರಿತ ಆಗುವುದಿಲ್ಲ. ನೀರು ಬೆರೆಸಿ ಹಾಲನ್ನು ತೆಳುಮಾಡುತ್ತಾ ಹೋದ ಹಾಗೆ ಬಡಿತ ಕಡಿಮೆಯಾಗುತ್ತದೆ, ಹರಿತ ಏರುತ್ತದೆ. ಕೊನೆಗೆ ಬರೀ ನೀರು ಉಳಿದಾಗ ಕಲ್ಲು ಬಹಳ ನಿಧಾನ, ಬಹಳ ನಯ. ಒಂದೇ ಕಲ್ಲು ಬೆಳಗ್ಗೆ ಒರಟು, ಸಂಜೆ ನುಣುಪು. ನಂಬರ್ ಇರುವುದು ಕಲ್ಲಿನಲ್ಲಲ್ಲ, ಅದರ ಮೇಲೆ ನೀವು ಇಟ್ಟ ನೀರಿನಲ್ಲಿ.

ಬೇರೆ ಹಳೇ ಕಲ್ಲುಗಳ ಬಗ್ಗೆಯೂ ಹೇಳಬೇಕು. ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಸೊನ್ನೆಬರ್ಗ್ ಸುತ್ತಲಿನ ನುಣುಪು ಸ್ಲೇಟನ್ನು ಎಶರ್ ಕಂಪನಿ ಲೇಬಲ್ ಅಂಟಿಸಿ ದೇಶವಿದೇಶಕ್ಕೆ ಕಳಿಸುತ್ತಿತ್ತು. ಕಡುನೀಲಿ, ನೀಲಿಹಸಿರು, ತಿಳಿಹಸಿರು, ಹಳದಿಹಸಿರು ಅಂತ ಬಣ್ಣದ ಹೆಸರು ಲೇಬಲ್ಲಿನ ಮೇಲೇ ಇರುತ್ತಿತ್ತು. ಹಳದಿಹಸಿರಿಗೆ ಇವತ್ತೂ ಮೈಮೇಲೆ ಬಿದ್ದು ಬೆಲೆ ಕಟ್ಟುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಲೇಬಲ್ಲಿಗೆ ದುಡ್ಡು ಕೊಡಬೇಡಿ. ಅದೇ ಬೆಟ್ಟದಿಂದ ಬಂದ ಲೇಬಲ್ ಇಲ್ಲದ ಕಲ್ಲು ಅದೇ ಕೆಲಸ ಮಾಡುತ್ತದೆ, ಬೆಲೆ ಎಷ್ಟೋ ಪಾಲು ಕಡಿಮೆ. ಈ ಸ್ಲೇಟು ಕತ್ತಿಯ ಕೊನೆಯ ಮೆರುಗಿಗೆ ತುಂಬಾ ಒಳ್ಳೆಯದು. ಕೊಟಿಕ್ಯೂಲ್‌ನಷ್ಟು ಬೇಗ ಉಕ್ಕನ್ನು ತಿನ್ನುವುದಿಲ್ಲ.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಚಾರ್ನ್‌ವುಡ್ ಕಾಡಿನ ಕಲ್ಲು ಹಸಿರು, ಕೆಲವಕ್ಕೆ ಕಂದುಗೆಂಪು ಕಲೆ. ಅದಕ್ಕೆ ಎಣ್ಣೆ ಹಾಕಿ ಮಸೆಯುತ್ತಿದ್ದರು. ಗಟ್ಟಿ ಕಲ್ಲು, ಕೆಲಸ ಬಲು ನಿಧಾನ. ಅದೇ ಕಾಡಿನ ಬಂಡೆಯಲ್ಲಿ 1957ರಲ್ಲಿ ಶಾಲೆಯ ಹುಡುಗರಿಗೆ 55 ಕೋಟಿ ವರ್ಷಕ್ಕೂ ಹಳೆಯ ಜೀವಿಯೊಂದರ ಅಚ್ಚು ಸಿಕ್ಕಿತ್ತು, ಅದಕ್ಕೆ ಚಾರ್ನಿಯಾ ಅಂತ ಹೆಸರಿಟ್ಟರು. ಅಮೆರಿಕದ ಅರ್ಕಾನ್ಸಾ ರಾಜ್ಯದ ಕಲ್ಲಿನದು ಬೇರೆ ಕಥೆ. ಅದು ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಭೂವಿಜ್ಞಾನಿಗಳು ಇಟ್ಟ ಹೆಸರು ನೊವಾಕ್ಯುಲೈಟ್. ಲ್ಯಾಟಿನ್ನಿನಲ್ಲಿ ನೊವಾಕ್ಯುಲ ಅಂದರೆ ಕ್ಷೌರದ ಕತ್ತಿಯೇ! ಇಲ್ಲಿ ಕಣ ಬಿಡುವುದಿಲ್ಲ, ಹಾಲು ಬರುವುದಿಲ್ಲ. ಕಲ್ಲು ಎಷ್ಟು ಒತ್ತಾಗಿದೆ, ಅದರ ಮೈಯನ್ನು ನೀವು ಎಷ್ಟು ನುಣ್ಣಗೆ ಮಾಡಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇಷ್ಟೊಂದು ಕಲ್ಲು ಹಳೇ ಸಾಮಾನಿನ ಅಂಗಡಿಗೆ ಬಂದಿದ್ದು ಹೇಗೆ? 1890ರ ದಶಕದಲ್ಲಿ ಕಾರ್ಬೊರಂಡಂ ಅನ್ನುವ ಕೃತಕ ಉಜ್ಜುಪುಡಿ ಬಂತು, ಕಾರ್ಖಾನೆಯಲ್ಲೇ ಮಸೆಗಲ್ಲು ಮಾಡುವುದು ಅಗ್ಗವಾಯಿತು. 1904ರಲ್ಲಿ ಜಿಲೆಟ್‌ಗೆ ಸೇಫ್ಟಿ ರೇಜರ್ ಪೇಟೆಂಟ್ ಸಿಕ್ಕಿತು, ಮನೆಯಲ್ಲಿ ಕತ್ತಿ ಮಸೆಯುವವರು ಕಡಿಮೆಯಾದರು. ಗಣಿಗಳು ಒಂದೊಂದಾಗಿ ನಿಂತವು. ಕಲ್ಲು ಮಾತ್ರ ಹಾಳಾಗುವ ವಸ್ತುವಲ್ಲ. ಅಜ್ಜಂದಿರ ಪೆಟ್ಟಿಗೆಯಲ್ಲಿ ಉಳಿಯಿತು. ಯುರೋಪಿನ ಭಾನುವಾರದ ಸಂತೆಗಳಲ್ಲಿ, ಹರಾಜಿನಲ್ಲಿ ಈಗ ಸಿಗುವುದು ಅವೇ.

ಕೊಳ್ಳುವಾಗ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ನನ್ನ ಮೊದಲ ಹಳೇ ಕೊಟಿಕ್ಯೂಲನ್ನು ಒಂದೇ ಒಂದು ಫೋಟೋ ನೋಡಿ ತರಿಸಿದೆ. ಮರದ ಡಬ್ಬಿ, ಮೇಲೆ ಚೆಂದದ ಹಳದಿ ಕಲ್ಲು. ಬಂದ ಮೇಲೆ ಡಬ್ಬಿಯಿಂದ ತೆಗೆದು ಪಕ್ಕದಿಂದ ನೋಡಿದರೆ, ನಡುವೆ ಎರಡು ಮಿಲಿಮೀಟರಿಗಿಂತ ಜಾಸ್ತಿ ತಗ್ಗು. ಅಲ್ಲಿ ಉಳಿದಿದ್ದ ಹಳದಿ ಪದರ ಒಂದು ಮಿಲಿಮೀಟರ್ ಕೂಡ ಇರಲಿಲ್ಲ. ಚಪ್ಪಟೆ ಮಾಡುತ್ತಾ ಹೋದಂತೆ ನಡುವೆ ಕಪ್ಪು ಸ್ಲೇಟು ಇಣುಕಿತು. ಕಲ್ಲು ಮುಗಿದೇ ಹೋಗಿತ್ತು. ಅವತ್ತು ಬಹಳ ಬೇಜಾರಾಯಿತು. ಆದ್ದರಿಂದ ಮೊದಲ ಮಾತು: ಪಕ್ಕದ ಫೋಟೋ ಕೇಳಿ. ನಾಲ್ಕೂ ಕಡೆಯಿಂದ, ಅಳತೆಪಟ್ಟಿ ಇಟ್ಟು ತೆಗೆದದ್ದು. ಹಳದಿ ಪದರ ಎಲ್ಲಿ ಅತಿ ತೆಳು ಇದೆಯೋ ಅಲ್ಲಿನ ದಪ್ಪವೇ ಲೆಕ್ಕಕ್ಕೆ. ತುದಿಯ ದಪ್ಪ ನೋಡಿ ಮೋಸ ಹೋಗಬೇಡಿ.

ಇನ್ನೊಂದು ಫೋಟೋ ಒದ್ದೆ ಕಲ್ಲಿನದು. ಒಣ ಕಲ್ಲು ಧೂಳು, ಎಣ್ಣೆ, ಹಳೇ ಸೋಪು ಹಿಡಿದು ಎಲ್ಲ ಒಂದೇ ಕಂದು ಬಣ್ಣ ಕಾಣುತ್ತದೆ. ನೀರು ಹಾಕಿದ ಕೂಡಲೇ ಪದರ, ಗೆರೆ, ನಿಜವಾದ ಬಣ್ಣ ಎದ್ದು ಬರುತ್ತವೆ. ಬಿರುಕು ಹುಡುಕುವುದಕ್ಕೂ ನೀರೇ ಒಳ್ಳೆಯದು. ಒದ್ದೆ ಮಾಡಿ, ಮೇಲೆ ಒಣಗುವವರೆಗೆ ಕಾಯಿರಿ. ಬಿರುಕಿನಲ್ಲಿ ನೀರು ನಿಂತಿರುತ್ತದೆ. ಸುತ್ತ ಒಣಗಿದ ಮೇಲೂ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಉಳಿಯುತ್ತದೆ. ಆ ಗೆರೆ ಉಗುರಿಗೆ ಸಿಕ್ಕರೆ ಕತ್ತಿಯ ಬಾಯಿಗೂ ಸಿಗುತ್ತದೆ. ಬಣ್ಣದ ಗೆರೆ ಬೇರೆ, ಅದು ಉಗುರಿಗೆ ಸಿಗದು, ಅದರಿಂದ ತೊಂದರೆಯೂ ಇಲ್ಲ.

ಕಾರ್ಖಾನೆಯ ಕಲ್ಲನ್ನು ಬೆಟ್ಟದ ಕಲ್ಲು ಅಂತ ಮಾರುವುದೂ ಉಂಟು. ಹೆಚ್ಚಿನ ಸಲ ಮಾರುವವರಿಗೇ ಗೊತ್ತಿರುವುದಿಲ್ಲ. ಸ್ಲೊವೇನಿಯಾದ ಮಾರಿಬೋರ್ ಊರಿನ ಸ್ವಾಟಿ ಕಲ್ಲಿನಂಥವನ್ನು ಕ್ಷೌರಿಕರಿಗೆಂದೇ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಒಳ್ಳೆಯ ಕಲ್ಲೇ, ಆದರೆ ಬೆಟ್ಟದ್ದಲ್ಲ. ಗುರುತು ಸುಲಭ. ಕಾರ್ಖಾನೆಯ ಕಲ್ಲಿನ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ. ಅಕ್ಷರ ಕಲ್ಲಿನಲ್ಲೇ ಅಚ್ಚೊತ್ತಿರುತ್ತದೆ. ಬೆಟ್ಟದ ಕಲ್ಲಿನಲ್ಲಿ ಎಲ್ಲೋ ಒಂದು ಕಡೆ ಮೋಡದಂಥ ಮಚ್ಚೆ, ಓರೆ ಗೆರೆ, ಗರಗಸದ ಗುರುತು ಇದ್ದೇ ಇರುತ್ತದೆ.

ಅರ್ಕಾನ್ಸಾ ಕಲ್ಲಿಗಾದರೆ ಅಡುಗೆಮನೆ ತಕ್ಕಡಿ ಸಾಕು. ಉದ್ದ, ಅಗಲ, ದಪ್ಪ ಗುಣಿಸಿ. ತೂಕವನ್ನು ಅದರಿಂದ ಭಾಗಿಸಿ. 15 ಸೆಂಟಿಮೀಟರ್ ಉದ್ದ, 5 ಅಗಲ, 2 ದಪ್ಪ ಅಂದರೆ 150. ತೂಕ 390 ಗ್ರಾಂ ಇದ್ದರೆ ಉತ್ತರ 2.6. ಶುದ್ಧ ಸ್ಫಟಿಕದ ಸಾಂದ್ರತೆ 2.65. ಉತ್ತರ ಅದಕ್ಕೆ ಹತ್ತಿರ ಬಂದಷ್ಟೂ ಕಲ್ಲು ಒತ್ತು, ಕ್ಷೌರದ ಕತ್ತಿಗೆ ಯೋಗ್ಯ. 2.3ಕ್ಕಿಂತ ಕೆಳಗೆ ಬಂದರೆ ಒಳಗೆ ಗಾಳಿಸಂದು ಜಾಸ್ತಿ, ಅದು ಉಳಿಗೆ, ಚಾಕುವಿಗೆ ಸರಿ. ತೂಕ ಕೇಳಿದರೆ ಯಾವ ಮಾರಾಟಗಾರರೂ ಇಲ್ಲ ಅನ್ನುವುದಿಲ್ಲ. ಹೇಗೂ ಪಾರ್ಸೆಲ್ ಖರ್ಚಿಗೆ ತೂಗಲೇಬೇಕು.

ಕಲ್ಲು ಮನೆಗೆ ಬಂತು ಅನ್ನಿ. ಮೊದಲು ಕೊಳೆ ತೆಗೆಯಬೇಕು. ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್, ಉಗುರುಬೆಚ್ಚಗಿನ ನೀರು. ಎಣ್ಣೆ ಗಟ್ಟಿಯಾಗಿ ಕೂತಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಮತ್ತೆ ಸೋಪು. ಕುದಿಯುವ ನೀರು, ಆ್ಯಸಿಡ್ ಬೇಡವೇ ಬೇಡ. ಸ್ಲೇಟಿಗೆ ಅಂಟಿಸಿದ ಹಳೇ ಅಂಟು ಬಿಸಿಗೆ ಬಿಟ್ಟುಕೊಂಡರೆ ಕಲ್ಲು ಎರಡು ಹೋಳಾಗುತ್ತದೆ.

ಆಮೇಲೆ ಚಪ್ಪಟೆ ಮಾಡುವ ಕೆಲಸ. ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಸಿಗುವ ಕಪ್ಪು ವಾಟರ್ ಪೇಪರ್ ತನ್ನಿ, ಮೊದಲಿಗೆ 220. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್ ತುಂಡು ಇದ್ದರೆ ಅದಕ್ಕಿಂತ ಒಳ್ಳೆಯ ಹಾಸು ಬೇಕಿಲ್ಲ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಎಳೆಯಿರಿ. ಪೇಪರ್ ಒದ್ದೆ ಮಾಡಿ ಉಜ್ಜಿ. ತುದಿಯ ಗೆರೆ ಅಳಿಸಿ ನಡುವಿನ ಗೆರೆ ಉಳಿದರೆ ನಡುವೆ ತಗ್ಗಿದೆ ಅಂತ ಅರ್ಥ. ಎಲ್ಲ ಗೆರೆ ಒಟ್ಟಿಗೆ ಅಳಿಸುವವರೆಗೂ ಬಿಡಬೇಡಿ. ಆಮೇಲೆ 400, 1000ದ ಪೇಪರಿನಲ್ಲಿ ಮೈ ನುಣ್ಣಗೆ ಮಾಡಿ, ಅಂಚುಗಳ ಚೂಪು ಮುರಿಯಿರಿ. ಚೂಪು ಅಂಚು ಕತ್ತಿಯ ಬಾಯನ್ನು ಕಚ್ಚುತ್ತದೆ. ಕೊಟಿಕ್ಯೂಲ್ ಆದರೆ ಈ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಬಹುದು. ಅರ್ಕಾನ್ಸಾ ಕಲ್ಲು ಕೈ ನೋಯಿಸುತ್ತದೆ, ಅದಕ್ಕೆ ಬಿಡಿ ಕಾರ್ಬೊರಂಡಂ ಪುಡಿ ಬೇಕು.

ಇಲ್ಲಿ ಒಂದು ಮಾತು ದಯವಿಟ್ಟು ಮರೆಯಬೇಡಿ. ಯಾವ ಕಲ್ಲನ್ನೂ ಒಣಗಿಸಿ ಉಜ್ಜಬೇಡಿ. ಸ್ಲೇಟು, ನೊವಾಕ್ಯುಲೈಟ್‌ಗಳ ಧೂಳಿನಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕಲ್ಲುಗಣಿ ಕೆಲಸಗಾರರನ್ನು ಕೊಲ್ಲುವ ಸಿಲಿಕೋಸಿಸ್ ಬರುವುದು ಇದೇ ಧೂಳಿನಿಂದ. ಸದಾ ನೀರು ಇರಲಿ. ಕೆಸರು ಒಣಗುವ ಮೊದಲೇ ನೆಲ ಒರೆಸಿ.

ಇನ್ನು ಮಸೆಯುವುದು. ಕತ್ತಿಯ ಬಾಯಿ ಚೆಕ್ಕೆ ಎದ್ದಿದ್ದರೆ, ಪೂರ್ತಿ ಮೊಂಡಾಗಿದ್ದರೆ ಮೊದಲು ಕಾರ್ಖಾನೆಯ 1000 ನಂಬರ್ ಕಲ್ಲಿನಲ್ಲಿ ಎರಡೂ ಬದಿಯ ಇಳಿಜಾರು ತುದಿಯಲ್ಲಿ ಕೂಡುವಂತೆ ಮಾಡಿಕೊಳ್ಳಿ. ಆ ಕೆಲಸವನ್ನು ಹಳೇ ಕಲ್ಲಿನ ಮೇಲೆ ಹಾಕುವುದು ಸಮಯವೂ ದಂಡ, ಕಲ್ಲೂ ದಂಡ. ಕೂಡಿದೆಯೋ ಇಲ್ಲವೋ ತಿಳಿಯಲು ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿಯಿರಿ. ನಾಲ್ಕು ಸಲ ಕಲ್ಲಿನ ಮೇಲೆ ಆಡಿಸಿ, ಭೂತಗನ್ನಡಿಯಲ್ಲಿ ನೋಡಿ. ಬಾಯಿಯ ತುದಿಯಲ್ಲಿ ಮಸಿ ಉಳಿದಿದ್ದರೆ ಕಲ್ಲು ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಆಮೇಲೆ ಕೊಟಿಕ್ಯೂಲ್. ಗಟ್ಟಿ ಹಾಲಿನ ಹದಕ್ಕೆ ತೇಯಿರಿ. ಕಲ್ಲಿನ ಮೇಲೆ ಬಾಯಿ ಮುಂದೆ, ಬೆನ್ನು ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಿ, ಬಾಯಿ ಯಾವತ್ತೂ ಕಲ್ಲಿನ ಮೇಲೆ ಹೊರಳಬಾರದು. ಅಲಗು ಸುಮಾರು ಮೂರು ಇಂಚು ಉದ್ದ, ಹಳೇ ಕಲ್ಲು ಎರಡು ಇಂಚು ಕೂಡ ಅಗಲ ಇರುವುದಿಲ್ಲ. ಅದಕ್ಕೇ ಹಿಡಿಯ ಕಡೆಯಿಂದ ಶುರು ಮಾಡಿ ತುದಿಯ ಕಡೆ ಮುಗಿಯುವಂತೆ ಓರೆಯಾಗಿ ಎಳೆಯಬೇಕು. ಹೊಸಬರು ಎಡವುವುದು ಒತ್ತುವುದರಲ್ಲಿ. ಹರಿತ ಬರಲಿಲ್ಲ ಅಂತ ಬೆರಳು ಒತ್ತಿದ ಕೂಡಲೇ ತೆಳು ಅಲಗು ಬಾಗುತ್ತದೆ, ಬಾಯಿ ಕಲ್ಲಿನಿಂದ ಮೇಲೇಳುತ್ತದೆ. ಬರೀ ಕತ್ತಿಯ ಭಾರ, ಅದರ ಮೇಲೆ ಬೆರಳಿನ ಭಾರ, ಅಷ್ಟೇ.

ಕತ್ತಿ ಚರ್ಮಕ್ಕೆ ತಾಗದೆಯೇ ಮುಂಗೈ ಕೂದಲನ್ನು ಕತ್ತರಿಸಲು ಶುರು ಮಾಡಿದಾಗ ನೀರು ಬೆರೆಸುವ ಸಮಯ. ಬೆರಳದ್ದಿ ಎರಡು ಹನಿ, ಬದಿಗೆ ಮೂವತ್ತು ಸಲದಂತೆ ಮಸೆತ. ಮತ್ತೆ ಎರಡು ಹನಿ, ಮತ್ತೆ ಮೂವತ್ತು. ಹತ್ತು ಸುತ್ತು ಆಗಬಹುದು, ಹದಿನೈದೂ ಆಗಬಹುದು. ಅವಸರ ಮಾಡಿ ಒಂದೇ ಸಲ ನೀರು ಸುರಿದರೆ ಕಲ್ಲು ತಟ್ಟನೆ ನಿಧಾನವಾಗುತ್ತದೆ, ಬಾಯಿ ಹಿಂದಿನ ಮಟ್ಟದಲ್ಲೇ ನಿಂತುಬಿಡುತ್ತದೆ. ತೆಳು ಆಗುತ್ತಾ ಆಗುತ್ತಾ ಕತ್ತಿಯ ಮುಂದೆ ನೀರು ಅಲೆಯ ಹಾಗೆ ಓಡುವುದು ಹೋಗಿ, ಬಾಯಿಗೆ ಅಂಟಿಕೊಂಡು ಮೇಲೇರಲು ಶುರುವಾಗುತ್ತದೆ. ಆಗ ಕಲ್ಲು ತೊಳೆದು, ಬರೀ ನೀರಿನಲ್ಲಿ ಐವತ್ತು ಸಲ. ನೀರು ಸಿಗದಿದ್ದರೂ ಚಿಂತೆಯಿಲ್ಲ ಅನ್ನುವವರೂ ಹಿಂದೆ ಇದ್ದರು. ಸುಮಾರು 2000 ವರ್ಷದ ಹಿಂದೆ ರೋಮಿನ ಲೇಖಕ ಪ್ಲಿನಿ ಮಸೆಗಲ್ಲುಗಳ ಬಗ್ಗೆ ಬರೆಯುವಾಗ, ಕ್ಷೌರದ ಅಂಗಡಿಯಲ್ಲಿ ಎಂಜಲು ಹಾಕಿ ಮಸೆಯುವ ಕಲ್ಲಿನ ಜಾತಿಯೊಂದನ್ನು ಹೆಸರಿಸಿದ್ದಾನೆ.

ಕೊನೆಗೆ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿ ಮುಂದೆ ಮಾಡಿದರೆ ಚರ್ಮ ಸೀಳುತ್ತದೆ, ಬಾಯಿಯೂ ಮಡಚುತ್ತದೆ. ಐವತ್ತು ಅರವತ್ತು ಸಲ ಆಡಿಸಿದರೆ ಸಾಕು. ದಿನಾ ಬೆಳಗ್ಗೆ ಪಟ್ಟಿಗೆ ಹಚ್ಚುವವರಿಗೆ ಕಲ್ಲು ತಿಂಗಳುಗಟ್ಟಲೆ ಬೇಕಾಗುವುದಿಲ್ಲ. ಕತ್ತಿ ಕೂದಲನ್ನು ಎಳೆದಂತೆ ಅನಿಸಿದ ದಿನ ಕಲ್ಲು ತೆಗೆಯಿರಿ. ಆಗಲೂ ಹಾಲು ಬೇಡ, ಬರೀ ನೀರಿನಲ್ಲಿ ಮೂವತ್ತು ಸಲ.

ಎರಡು ಕೊಟಿಕ್ಯೂಲ್ ಒಂದೇ ಥರ ಇರುವುದಿಲ್ಲ. ಒಂದು ಹತ್ತು ಸುತ್ತಿಗೇ ಹಾಲು ಕೊಟ್ಟರೆ ಇನ್ನೊಂದು ಐವತ್ತು ಸುತ್ತು ತೇಯಿಸಿಕೊಳ್ಳುತ್ತದೆ. ಅದಕ್ಕೆ ನಾನು ಪ್ರತಿ ಕಲ್ಲಿನ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಮೊದಲನೇ ಕಲ್ಲು ಮುಗಿದ ಮೇಲೆ ತರಿಸಿದ್ದರ ಚೀಟಿಯಲ್ಲಿ ಈಗ ಇಷ್ಟಿದೆ: "ಉದ್ದ 12.5, ಅಗಲ 4. ತೇಯಲು 20 ಸುತ್ತು. ನೀರು 12 ಸಲ, ಎರಡೆರಡು ಹನಿ. ಎಡ ತುದಿಯಲ್ಲಿ ಕೆಂಪು ಗೆರೆ, ಉಗುರಿಗೆ ಸಿಗುವುದಿಲ್ಲ. ಒತ್ತಬೇಡ."